ಮೊದಲ ಹೊಡೆತದ ಕೋಲು

ಕಾರ್ಕಳದ ಗುಡ್ಡದ ಮೆಟ್ಟಿಲುಗಳನ್ನೇರಿ ಗೊಮ್ಮಟನ ಮುಂದೆ ನಿಂತವರು ಆ ಮಂದಹಾಸವನ್ನು ಮರೆಯಲಾರರು. 42 ಅಡಿ ಎತ್ತರದ ಈ ಏಕಶಿಲಾಮೂರ್ತಿ ವೀರಪಾಂಡ್ಯನ ಕಾಲದಲ್ಲಿ, 1432ರಲ್ಲಿ ಪ್ರತಿಷ್ಠೆಗೊಂಡಿತು. ಬಂಡೆಯನ್ನು ಸೀಳುವ ಸುತ್ತಿಗೆ ಬೇರೆ, ತುಟಿಯಂಚಿನ ನಗೆಯನ್ನು ಬಿಡಿಸುವ ಉಳಿ ಬೇರೆ. ಕಲ್ಲಿನ ಕೆಲಸ ಕಂಡ ಊರಿಗೆ ಇದು ಹೊಸ ಮಾತಲ್ಲ. ಆದರೆ ಇಲ್ಲಿಂದ ಮಣಿಪಾಲಕ್ಕೆ ಓದಲು ಹೋಗುವ ತರುಣನಿಗೆ ಅದೇ ಮಾತು ಬಟ್ಟೆ ಹಾಸಿದ ಮೇಜೊಂದರ ಮುಂದೆ ಹೊಸದಾಗಿ ಎದುರಾಗುವುದುಂಟು.

ಬೈಲೂರು, ಹಿರಿಯಡ್ಕ, ಪರ್ಕಳಗಳನ್ನು ಹಾದು ಬಸ್ಸು ಮಣಿಪಾಲದ ಗುಡ್ಡವನ್ನೇರುತ್ತದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವ ಮುನ್ನ ಇದು ಬೋಳುಗುಡ್ಡ. ಇಂದು ದೇಶದ ನಾನಾ ಭಾಗಗಳ ವಿದ್ಯಾರ್ಥಿಗಳ ಬೀಡು. ಅವರ ಸಂಜೆಯ ವಿರಾಮದಲ್ಲಿ ಪೂಲ್ ಆಟಕ್ಕೂ ಒಂದು ಸ್ಥಾನವಿದೆ. ಹದಿನೈದು ಚೆಂಡುಗಳನ್ನು ತ್ರಿಕೋನದಲ್ಲಿ ಒತ್ತಾಗಿ ಜೋಡಿಸಿ, ಬಿಳಿಯ ಚೆಂಡಿನಿಂದ ಆ ಗುಂಪನ್ನು ಚದುರಿಸುವುದೇ ಆಟದ ಆರಂಭ. ಅದಕ್ಕೆ ಬ್ರೇಕ್ ಎಂದು ಹೆಸರು. ಬಲ್ಲವರು ಆ ಒಂದು ಹೊಡೆತಕ್ಕೆಂದೇ ಬೇರೊಂದು ಕೋಲನ್ನಿಟ್ಟುಕೊಳ್ಳುತ್ತಾರೆ.

ಏಕೆ? ದಿನದ ಆಟದ ಕ್ಯೂವಿನ ತುದಿಗೆ ಅಂಟಿಸಿದ ಚರ್ಮ ಸಾಮಾನ್ಯವಾಗಿ ಅಷ್ಟು ಗಡಸಲ್ಲ. ಅದು ಚಾಕಿನ ಪುಡಿಯನ್ನು ಹಿಡಿದಿಟ್ಟು ಚೆಂಡಿಗೆ ತಿರುಗುವಿಕೆಯನ್ನು ಕೊಡಬಲ್ಲುದು. ಬ್ರೇಕಿನ ಬಿರುಸಿಗೆ ಪದೇ ಪದೇ ಸಿಕ್ಕಿದರೆ ಆ ಚರ್ಮ ಚಪ್ಪಟೆಯಾಗಿ ಅಣಬೆಯಂತೆ ಹರಡಿಕೊಳ್ಳುತ್ತದೆ. ಬ್ರೇಕ್ ಕ್ಯೂವಿನ ತುದಿ ಗಟ್ಟಿ ಚರ್ಮದ್ದು, ಇಲ್ಲವೆ ಫಿನಾಲಿಕ್ ರಾಳದ್ದು. ಅದು ಕೋಲಿನ ಬಲವನ್ನು ಹೆಚ್ಚು ನಷ್ಟವಿಲ್ಲದೆ ಚೆಂಡಿಗೆ ದಾಟಿಸುತ್ತದೆ. ಆದರೆ ಬಿಳಿಚೆಂಡಿನ ನಡುವನ್ನು ಬಿಟ್ಟು ಅಂಚಿಗೆ ತಾಗಿದರೆ ಜಾರುವುದೂ ಅದೇ.

ತರುಣನು ತಿಂಗಳ ಖರ್ಚಿನಲ್ಲಿ ಉಳಿಸಿದ ಹಣ ಒಂದೇ ಕೋಲಿಗೆ ಸಾಲುವಷ್ಟು. ತಪ್ಪಿದರೆ ಮತ್ತೊಂದಿಲ್ಲ. "ಕೋಲಿಗೆ ಇಷ್ಟು ದುಡ್ಡೇ ಮಗಾ?" ಎಂದು ಅಮ್ಮ ಕೇಳದಿರುವಳೇ? ಪಂಕಜ್ ಅಡ್ವಾಣಿಯು 2003ರಲ್ಲಿ ಸ್ನೂಕರಿನ ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದದ್ದು ಬೆಂಗಳೂರಿನಲ್ಲಿ ಬೆಳೆದ ಆಟದಿಂದಲೇ ಎಂದು ಅವನು ಸಮಾಧಾನ ಹೇಳಬಹುದು. ಆದರೂ ಆಯ್ಕೆಯ ಭಾರ ಅವನದೇ.

ಮೊದಲ ಮೋಹ ತೂಕದ್ದು. ಭಾರವಾದಷ್ಟೂ ಬಲವೆಂದು ಹೊಸಬರ ನಂಬಿಕೆ. ಪೂಲ್ ಚೆಂಡು ಹೆಚ್ಚೆಂದರೆ 170 ಗ್ರಾಮು. ಕ್ಯೂ ಸಾಮಾನ್ಯವಾಗಿ 18ರಿಂದ 21 ಔನ್ಸು, ಅಂದರೆ 510ರಿಂದ 595 ಗ್ರಾಮು. ಕೈಯ ವೇಗ ಬದಲಾಗದಿದ್ದರೆ, 18 ಔನ್ಸಿನಿಂದ 21ಕ್ಕೆ ಏರಿದಾಗ ಚೆಂಡಿನ ವೇಗ ಹೆಚ್ಚುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಭಾರದಿಂದ ಕೈ ಅಷ್ಟೇ ನಿಧಾನವಾದರೆ ಲಾಭವೆಲ್ಲ ಸೋರಿಹೋಯಿತು!

ಪರೀಕ್ಷೆಗೆ ಸಲ್ಲುವುದು ಮೇಜೇ ಹೊರತು ಅಂಗಡಿಯ ಮಾತಲ್ಲ. ಗೆಳೆಯರ ಬೇರೆ ಬೇರೆ ತೂಕದ ಕೋಲುಗಳನ್ನು ಎರವಲು ಪಡೆದು, ಒಂದೊಂದರಿಂದ ಹತ್ತು ಬಾರಿ ಹೊಡೆದು ನೋಡಬೇಕು. ಮುಂದಿನ ಚೆಂಡಿಗೆ ಎದುರಾಗಿ ತಾಗಿ, ಬಿಳಿಯದು ಮೇಜಿನ ನಡುವಿನ ಸುತ್ತಮುತ್ತ ಹೆಚ್ಚು ಬಾರಿ ನಿಂತದ್ದು ಯಾವ ಕೋಲಿನಿಂದಲೋ ಅದೇ ಅವನ ಕೋಲು. ಸದ್ದು ದೊಡ್ಡದಾದುದು ಲೆಕ್ಕಕ್ಕಿಲ್ಲ.

ಗುಡ್ಡವಿಳಿದರೆ ಉಡುಪಿ. ಕಿಂಡಿಯಲ್ಲಿ ಕಾಣುವ ಬಾಲಕೃಷ್ಣನ ಒಂದು ಕೈಯಲ್ಲಿ ಕಡೆಗೋಲು, ಮತ್ತೊಂದರಲ್ಲಿ ಹಗ್ಗ. ಮೊಸರು ಕಡೆದ ಮನೆಗಳಿಗೆ ಗೊತ್ತು, ಕಡೆಗೋಲು ದಪ್ಪವಾದ ಮಾತ್ರಕ್ಕೆ ಬೆಣ್ಣೆ ಬರದು. ಹಗ್ಗದ ಎಳೆತ ಹದವಾಗಿರಬೇಕು. ಕೋಲಿಗೆ ತಕ್ಕ ಕೈ, ಕೈಗೆ ತಕ್ಕ ಕೋಲು.

ಇನ್ನು ತೆಂಕಣ ಹಾದಿಯಲ್ಲಿ ಕಾಪು. ಕಡಲ ಬಂಡೆಯ ಮೇಲೆ 1901ರ ದೀಪಸ್ತಂಭ. ಅಲ್ಲಿ ಮನೆಯಿದ್ದು ಕೋಲನ್ನು ಕೊಂಡವನಿಗೆ ಮತ್ತೊಂದು ಚಿಂತೆ. ಉಪ್ಪುಗಾಳಿಗೆ ಕ್ಯೂವಿನ ಜೋಡಣೆಯ ಕಬ್ಬಿಣದ ತಿರುಪು ತುಕ್ಕು ಹಿಡಿದೀತು. ಕರಾವಳಿಯ ಮಳೆಗಾಲದ ತೇವಕ್ಕೆ ಮರ ಉಬ್ಬೀತು. ಗೋಡೆಗೆ ಓರೆಯಾಗಿ ಒರಗಿಸಿಟ್ಟದ್ದು ಬಾಗೀತು. ಆದುದರಿಂದ ಕೊಳ್ಳುವ ದಿನವೇ ಕಣ್ಣಿನ ನೇರಕ್ಕೆ ಹಿಡಿದು, ನಿಧಾನವಾಗಿ ತಿರುಗಿಸಿ ಡೊಂಕಿದೆಯೇ ಎಂದು ನೋಡಬೇಕು. ಆಟ ಮುಗಿದೊಡನೆ ಒಣಬಟ್ಟೆಯಿಂದ ಒರಸಿ, ಬಿಚ್ಚಿ, ಚೀಲದೊಳಗಿಡಬೇಕು.

ಸಂಜೆ ಕಾಪುವಿನ ಮರಳಿನ ಮೇಲೆ ನಿಂತ ತರುಣನ ಹೆಗಲಿನಲ್ಲಿ ಉದ್ದನೆಯ ಚೀಲವೊಂದಿದ್ದರೆ, ಅದರಲ್ಲಿರುವುದು ಅಂಗಡಿಯ ಅತಿ ಭಾರದ ಕೋಲಾಗಿರಬೇಕಿಲ್ಲ. ಬಹುಶಃ 19 ಔನ್ಸಿನದು. ಅವನ ಕೈ ಒಪ್ಪಿದ್ದು. ಅಮ್ಮನ ಪ್ರಶ್ನೆಗೆ ಆಗ ಅವನಲ್ಲಿ ಉತ್ತರವಿರುತ್ತದೆ: "ಹತ್ತು ಸಲ ಹೊಡೆದು ನೋಡಿಯೇ ತಂದೆ ಅಮ್ಮಾ." ಒಂದು ಮಡಕೆಯನ್ನೂ ಬಡಿದು ನೋಡಿ ಕೊಳ್ಳುವ ಮನೆಯಲ್ಲಿ ಆ ಉತ್ತರಕ್ಕೆ ಬೆಲೆಯುಂಟು.