ತೀರ್ಥವೂ ತೀರವೂ

ಕುಲಗೋಡವು ಕಡಲಿಗೆ ದೂರವಾದ ಊರು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಈ ಊರಿನವರಿಗೆ ನೀರೆಂದರೆ ಬಾವಿಯ ನೀರು, ಕಾಲುವೆಯ ನೀರು, ಹೆಚ್ಚೆಂದರೆ ಘಟಪ್ರಭೆಯ ನೀರು. ಗೋಕಾಕದ ಬಳಿ ಸುಮಾರು 170 ಅಡಿ ಕೆಳಗೆ ಧುಮುಕುವ ಆ ಹೊಳೆಯ ಶ್ರಾವಣಮಾಸದ ಆರ್ಭಟಕ್ಕಿಂತ ಹಿರಿದಾದ ಆರ್ಭಟವನ್ನು ಕೇಳಿದವರು ಹಿಂದಿನ ತಲೆಮಾರಿನಲ್ಲಿ ವಿರಳ. ಆದರೂ ಸಮುದ್ರದ ಹೆಸರು ಈ ಊರಿಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ರಂಗದ ಮೇಲೆ ರೂಪ ಕೊಟ್ಟವನೆಂದು ಹೆಸರಾದ ತಮ್ಮಣ್ಣನು ಈ ಕುಲಗೋಡದವನೇ. ಆ ಕಥೆ ನಡೆಯುವದು ಕಡಲದಂಡೆಯ ದ್ವಾರಕೆಯಲ್ಲಿ. ಸತ್ಯಭಾಮೆಯು ಹಟ ಹಿಡಿಯುವ ಹೂವಿನ ಗಿಡವಾದರೂ ಹುಟ್ಟಿದ್ದು ಸಮುದ್ರಮಥನದಲ್ಲಿ. ರಾತ್ರಿಯಿಡೀ ಬಯಲಿನಲ್ಲಿ ಕುಳಿತು ದ್ವಾರಕೆಯನ್ನು ಕಂಡವರು ಬೆಳಗಾದೊಡನೆ ಮೈಕೊಡವಿಕೊಂಡೆದ್ದು ಹೊಲದ ಹಾದಿ ಹಿಡಿಯುತ್ತಿದ್ದರು. ಅವರ ಸಮುದ್ರವು ಅಲ್ಲಿಗೇ ಮುಗಿಯುತ್ತಿತ್ತು.

ಈ ಊರಿನ ಒಂದು ಮನೆಗೆ 2024ರ ಡಿಸೆಂಬರ ತಿಂಗಳಲ್ಲಿ ಶಾಲೆಯಿಂದ ಒಂದು ಒಪ್ಪಿಗೆಪತ್ರ ಬಂದಿತು. ಎಂಟನೆಯ ಇಯತ್ತೆಯಲ್ಲಿ ಓದುವ ಹುಡುಗ ಅದನ್ನು ತಂದು ತಂದೆಯ ಮುಂದಿಟ್ಟನು. ಗೋಕರ್ಣ, ಮುರುಡೇಶ್ವರಗಳಿಗೆ ಶೈಕ್ಷಣಿಕ ಪ್ರವಾಸ. ಪಾಲಕರ ರುಜು ಬೇಕು. ಬೇರೆ ವರ್ಷವಾಗಿದ್ದರೆ ತಂದೆ ಓದದೆಯೇ ರುಜು ಹಾಕುತ್ತಿದ್ದನೇನೋ. ಆದರೆ ಅದೇ ತಿಂಗಳ 10ನೆಯ ತಾರೀಖಿನಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ಪ್ರವಾಸಕ್ಕೆ ಬಂದ ನಾಲ್ವರು ಶಾಲೆಯ ಹುಡುಗಿಯರು ಮುಳುಗಿ ಹೋಗಿದ್ದರು. ಆ ಸುದ್ದಿ ಬಯಲುಸೀಮೆಯ ಮನೆಮನೆಗೂ ತಲುಪಿತ್ತು. ಕೋಲಾರವೂ ಕಡಲು ಕಾಣದ ಜಿಲ್ಲೆಯೇ. ಹುಡುಗನ ತಾಯಿ ಪತ್ರವನ್ನು ಮಡಚಿ ಗೂಡಿನಲ್ಲಿಟ್ಟು, ಬ್ಯಾಡ ಎಂದಳು. ಹುಡುಗನು ತನಗೆ ಈಜು ಬರುತ್ತದೆಂದು ವಾದಿಸಿದನು. ಬರುವದೇನೋ ನಿಜ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು, ಎರಡು ಬೇಸಿಗೆಗಳಿಂದ ಬುರುಡೆಯಿಲ್ಲದೆ ಈಜುತ್ತಿದ್ದಾನೆ. ಹೀಗೆ ಬಾವಿಯಲ್ಲಿ ಕಲಿತ ಧೈರ್ಯವನ್ನೇ ಕಂಡು ತಾಯಿಗೆ ಹೆಚ್ಚು ಭಯ.

ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಹುಡುಗನ ಅಜ್ಜಿ, ಮನೆಯವರೆಲ್ಲರಿಗೂ ಆಯಿ, ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದಳು: “ಅಲ್ಲಿ ನೀರಾಗ ಇಳಸಾಂವ ಯಾರು?”

ಆ ಮನೆಯಲ್ಲಿ ಸಮುದ್ರಸ್ನಾನ ಮಾಡಿದವಳು ಆಕೆಯೊಬ್ಬಳೇ. 1968ರಲ್ಲಿ ಅತ್ತೆಮಾವಂದಿರ ಜೊತೆಗೆ, ಮದುವೆಯಾದ ಹೊಸದರಲ್ಲಿ, ಸರಕಾರಿ ಬಸ್ಸುಗಳನ್ನು ಬದಲಿಸುತ್ತ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ ಘಟ್ಟವಿಳಿದು ಗೋಕರ್ಣಕ್ಕೆ ಹೋಗಿದ್ದಳು. ಇಳಿದುಕೊಂಡದ್ದು ಉಪಾಧಿವಂತರ ಮನೆಯಲ್ಲಿ. ಗೋಕರ್ಣದ ಪುರೋಹಿತ ಮನೆತನಗಳಿಗೆ ಆ ಹೆಸರು. ಜಗುಲಿಯೇ ಮಲಗುವ ಮನೆ, ಹಿತ್ತಲ ಬಾವಿಯೇ ಸ್ನಾನದ ಮನೆ. ಬೆಳಗಿನಲ್ಲಿ ಆ ಮನೆಯ ಯಜಮಾನರು ತಾವೇ ಮುಂದಾಗಿ ಹೆಂಗಸರನ್ನೂ ಗಂಡಸರನ್ನೂ ಕಡಲದಂಡೆಗೆ ಕರೆದುಕೊಂಡು ಹೋಗಿ, ಮೊಣಕಾಲಿನಷ್ಟು ನೀರಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುವಂತೆ ಮಾಡಿ, ಅಲೆ ಬಂದಾಗ ಕುಳಿತುಕೊಳ್ಳಿರಿ, ಹೋಗುವಾಗ ಏಳಬೇಡಿರಿ ಎಂದು ಹೇಳಿ, ಸಂಕಲ್ಪದ ಮಂತ್ರವನ್ನು ಆಮೇಲೆಯೇ ಹೇಳಿದರಂತೆ. ತರುವಾಯ ಕೋಟಿತೀರ್ಥದ ಸ್ನಾನ, ಮಹಾಗಣಪತಿಯ ದರ್ಶನ, ಕೊನೆಗೆ ಮಹಾಬಲೇಶ್ವರ. ಆಯಿಗೆ ಆ ಯಜಮಾನರ ಹೆಸರು, ಅವರ ಹೆಂಡತಿಯ ಹೆಸರು, ಆಕೆ ಬಡಿಸಿದ ತಂಬುಳಿ, ಎಲ್ಲವೂ ಇಂದಿಗೂ ನೆನಪಿವೆ. ತೊಯ್ದ ಸೀರೆಯಲ್ಲಿ ದಂಡೆಯ ಮೇಲೆ ನಿಂತು ನಾಚಿಕೆಯಿಂದ ಕುಗ್ಗಿದ್ದೂ ನೆನಪಿದೆ. ಅತ್ತೆಯೂ ಇನ್ನೊಬ್ಬ ಹೆಂಗಸೂ ಒಣಸೀರೆಯೊಂದನ್ನು ಎರಡೂ ಬದಿಗೆ ಹಿಡಿದು ನಿಲ್ಲದಿದ್ದರೆ ಬಟ್ಟೆ ಬದಲಿಸುವ ಬಗೆಯೇ ಇರಲಿಲ್ಲ.

ತೀರ್ಥವೆಂಬ ಶಬ್ದವು ದಾಟು ಎಂಬ ಅರ್ಥದ ಧಾತುವಿನಿಂದ ಬಂದದ್ದು. ನೀರಿಗೆ ಇಳಿಯುವ ತಾಣ, ಇಳಿಯಲು ಬರುವಂತಹ ತಾಣವೆಂಬುದು ಅದರ ಮೂಲಾರ್ಥ. ಪಾವಿತ್ರ್ಯವು ಹಿಂದಿನಿಂದ ಬಂದು ಸೇರಿತು. ಅಮರಸಿಂಹನು ತನ್ನ ಕೋಶದಲ್ಲಿ ಈ ಒಂದು ಶಬ್ದಕ್ಕೆ ನೀರಿನ ತಾಣ, ಶಾಸ್ತ್ರ, ಋಷಿಗಳು ಸೇವಿಸಿದ ಜಲ ಎಂಬ ಅರ್ಥಗಳನ್ನು ಹೇಳಿ ಗುರುವೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ಒಬ್ಬ ಗುರುವಿನಲ್ಲಿ ಓದಿದವರನ್ನು ಸತೀರ್ಥ್ಯರೆಂದು ಕರೆಯುವದು ಇದರಿಂದಲೇ. ಪಾಠಶಾಲೆಯಲ್ಲಿ ಈ ಅರ್ಥಗಳನ್ನು ಬಾಯಿಪಾಠ ಮಾಡುವ ಹುಡುಗರಿಗೆ ನೀರಿನ ತಾಣವೆಲ್ಲಿ, ಗುರುವೆಲ್ಲಿ ಎಂದು ಅವುಗಳ ಕೂಟವು ವಿಚಿತ್ರವಾಗಿ ತೋರುವದು. ಮೊಣಕಾಲಿನಷ್ಟು ನೀರಿನಲ್ಲಿ ಹತ್ತು ಜನರ ಕೈಗಳನ್ನು ಜೋಡಿಸಿ ನಿಲ್ಲಿಸಿದ ಆ ಉಪಾಧಿವಂತರನ್ನು ನೆನೆದರೆ ವಿಚಿತ್ರವೇನೂ ಉಳಿಯುವದಿಲ್ಲ.

ಬಾವಿಯ ಈಜಿಗೂ ಕಡಲಿನ ಈಜಿಗೂ ಇರುವ ಅಂತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಿದರೆ ವಾಚಕರು ಬೇಸರಪಡಲಾರರು. ಬಾವಿಯ ನೀರು ನಿಂತ ನೀರು. ತೋಳಿನಲ್ಲಿ ಬಲವಿರುವಷ್ಟು ಕಾಲ ಆಸರೆ ಸಿಕ್ಕೇ ಸಿಗುವದು. ಹೊಳೆಯ ಸೆಳವು ಕಣ್ಣಿಗೆ ಕಾಣುವದು; ಅದು ಹೋಗುವ ದಿಕ್ಕೂ ಒಂದೇ. ಕಡಲಿನಲ್ಲಿ ಹಾಗಲ್ಲ. ಅಲೆಗಳು ಒಂದರ ಮೇಲೊಂದು ದಂಡೆಗೆ ತಂದು ಸುರಿದ ನೀರು ಹೇಗಾದರೂ ಹಿಂದಕ್ಕೆ ಹೋಗಲೇಬೇಕು. ನೀರಿನೊಳಗಿನ ಮರಳದಿಣ್ಣೆಗಳ ನಡುವೆ ಎಲ್ಲಿ ತಗ್ಗು ಇರುವದೋ ಅಲ್ಲಿ ಅದೆಲ್ಲವೂ ಕೂಡಿಕೊಂಡು ಇಕ್ಕಟ್ಟಾದ ಹರಿವಾಗಿ ಒಳಕ್ಕೆ ಓಡುವದು. ಆ ತಗ್ಗಿನ ಮೇಲೆ ಅಲೆಗಳು ಅಷ್ಟಾಗಿ ಒಡೆಯುವದಿಲ್ಲವಾದ್ದರಿಂದ ನೊರೆ ಕಡಿಮೆ, ನೀರು ಶಾಂತ. ಹೊಸಬನು ನೊರೆಯನ್ನು ಕಂಡು ಹೆದರಿ ಶಾಂತವಾದ ಜಾಗವನ್ನೇ ಹುಡುಕಿ ಇಳಿಯುತ್ತಾನೆ. ಇಳಿದ ಕೂಡಲೇ ಕಾಲಡಿಯ ಮರಳು ಜಾರುವದು. ಅವನು ದಂಡೆಯನ್ನು ನೋಡುತ್ತ ಸೆಳವಿಗೆ ಎದುರಾಗಿ ಈಜುತ್ತಾನೆ, ದಣಿಯುತ್ತಾನೆ, ಮುಳುಗುತ್ತಾನೆ. ದಂಡೆಯ ಗುಂಟ ಒಂದು ಬದಿಗೆ ಈಜಿದರೆ ಇಕ್ಕಟ್ಟಾದ ಆ ಹರಿವಿನಿಂದ ಹೊರಗೆ ಬರಬಹುದೆಂಬುದು ಕಡಲಮಕ್ಕಳಿಗೆ ಗೊತ್ತು. ಮರಳದಿಣ್ಣೆಗಳು ಸ್ಥಿರವಲ್ಲ, ನಿನ್ನೆ ಇಳಿಯಬಹುದಾಗಿದ್ದಲ್ಲಿ ಇಂದು ಇಳಿಯಲಾಗದು. ಆದಕಾರಣ ಒಮ್ಮೆ ಬರೆದು ನಿಲ್ಲಿಸಿದ ಹಲಗೆಯಿಂದ ಪೂರ್ತಿ ಕೆಲಸವಾಗದು. ದಿನವೂ ನೀರನ್ನು ನೋಡುವ ಮನುಷ್ಯನೇ ಬೇಕು.

ಆಯಿಯ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಐವತ್ತಾರು ವರ್ಷಗಳಲ್ಲಿ ಕರಾವಳಿಯಲ್ಲಿ ಏನೇನು ಆಗಿದೆಯೆಂಬುದನ್ನು ಲೆಕ್ಕ ಹಾಕಬೇಕಾಗುವದು. ಈಗ ಅದಕ್ಕೆ ಪ್ರವಾಸೋದ್ಯಮದ ಅಭಿವೃದ್ಧಿಯೆಂದು ಹೆಸರು. (ಸಂಸ್ಕೃತದಲ್ಲಿ ಪ್ರವಾಸವೆಂದರೆ ಮನೆಯಗಲಿ ಇರುವದು, ಆಲಂಕಾರಿಕರು ಅದನ್ನು ವಿಪ್ರಲಂಭದ ಒಂದು ಭೇದವೆಂದು ಎಣಿಸಿದ್ದಾರೆ. ಅಗಲಿಕೆಯ ದುಃಖವು ಉದ್ಯಮವಾದದ್ದು ಈ ಕಾಲದ ಸೋಜಿಗ.) 1998ರ ಜನವರಿ 26ರಂದು ಕೊಂಕಣ ರೈಲುದಾರಿ ಪೂರ್ತಿಯಾಗಿ ತೆರೆಯಿತು, ಗೋಕರ್ಣದ ಹೆಸರಿನಲ್ಲಿಯೂ ಒಂದು ನಿಲ್ದಾಣವಾಯಿತು. ಮುರುಡೇಶ್ವರದಲ್ಲಿ ಸುಮಾರು 123 ಅಡಿಯ ಶಿವಮೂರ್ತಿಯೂ 20 ಅಂತಸ್ತಿನ ಗೋಪುರವೂ ಎದ್ದವು. ಗೋಕರ್ಣದ ತೆಂಕಣ ಗುಡ್ಡದಾಚೆಯ ಕುಡ್ಲೆ, ಓಂ ಮೊದಲಾದ ತೀರಗಳಲ್ಲಿ, ಹಿಂದೆ ಊರಿನವರಲ್ಲದೆ ಬೇರೆಯವರು ಕಾಲಿಡದಿದ್ದಲ್ಲಿ, ವಸತಿಗೃಹಗಳ ಸಾಲುಗಳಾದವು. ಹೆದ್ದಾರಿಯನ್ನು ಗುಡ್ಡ ಕಡಿದು ಅಗಲಗೊಳಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆ ಹೆದ್ದಾರಿಯ ಬದಿಯ ಗುಡ್ಡವೇ ಜರಿದು, ಚಹದ ಅಂಗಡಿಯೊಂದು ಮನೆಮಂದಿಯೊಡನೆ ಮಣ್ಣುಪಾಲಾಯಿತು. ಮುಂದಿನ ತಿಂಗಳಿನ 7ನೆಯ ತಾರೀಖಿನ ರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಹಾಕಬೇಕೆಂದಿರುವ ರೈಲುದಾರಿಯ ಮಾತು ಎರಡು ದಶಕಗಳಿಗೂ ಮೀರಿ ಮಾತಾಗಿಯೇ ಇದೆ. ಅಡವಿಯ ಪ್ರಶ್ನೆಯು ಸಣ್ಣದಲ್ಲ, ಆ ಚರ್ಚೆ ಇಲ್ಲಿ ಬೇಡ.

ಇವೆಲ್ಲವೂ ಕಡಲದಂಡೆಯ ವರೆಗೆ ಮನುಷ್ಯನನ್ನು ತಂದು ಬಿಡುವ ಸಾಧನಗಳು. ದಂಡೆಯಿಂದ ಮುಂದಿನ ಹತ್ತು ಹೆಜ್ಜೆಗಳ ವಿಚಾರವೇ ಬೇರೆ. ಆ ಹತ್ತು ಹೆಜ್ಜೆಗಳಿಗೆ ಬೇಕಾದದ್ದಕ್ಕೆ ದೊಡ್ಡ ಬಂಡವಾಳ ಬೇಡ, ಕಾನೂನಿನ ಅಡ್ಡಿಯೂ ಇಲ್ಲ. 1991ರಲ್ಲಿ ಭಾರತ ಸರಕಾರವು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ, ಉಬ್ಬರದ ಗೆರೆಯಿಂದ 500 ಮೀಟರಿನ ವರೆಗಿನ ನೆಲದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹಾಕಿತು. 2019ರ ಅಧಿಸೂಚನೆಯು, ಜನವಸತಿ ದಟ್ಟವಾಗಿರುವ ಗ್ರಾಮಪ್ರದೇಶಗಳಲ್ಲಿ, ಏನೂ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ವಸತಿಗೃಹದವರು ಈ 50ರ ಅಂಕಿಯನ್ನು ಚೆನ್ನಾಗಿ ಬಲ್ಲರು. ಅದೇ ಅಧಿಸೂಚನೆಯಲ್ಲಿಯೇ ಶೌಚಗೃಹ, ಬಟ್ಟೆ ಬದಲಿಸುವ ಕೋಣೆ, ಸ್ನಾನಕ್ಕೆ ಸಿಹಿನೀರು, ಕುಡಿಯುವ ನೀರು ಇವುಗಳನ್ನು ಉಬ್ಬರದ ಗೆರೆಯಿಂದ 10 ಮೀಟರು ಬಿಟ್ಟು ತಾತ್ಕಾಲಿಕವಾಗಿ ಮಾಡಬಹುದೆಂದು ಹೆಸರು ಹೇಳಿ ಬರೆದಿದೆ. ಆಯಿಯ ಅತ್ತೆ ಒಣಸೀರೆ ಹಿಡಿದು ನಿಂತ ಜಾಗಕ್ಕೆ ಸಂಬಂಧಿಸಿದ ಮಾತು ಅದು.

ಮಾಡಿದರೆ ಆಗುವದೆಂಬುದಕ್ಕೆ ಉದಾಹರಣೆಯೂ ಈ ನಾಡಿನಲ್ಲಿಯೇ ಇದೆ. ಹೊನ್ನಾವರ ತಾಲೂಕಿನ ಕಾಸರಕೋಡ ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿಯ ತೀರಗಳಿಗೆ 2020ರ ಅಕ್ಟೋಬರದಲ್ಲಿ, ಭಾರತದ ಮೊದಲ ಎಂಟು ತೀರಗಳ ಸಾಲಿನಲ್ಲಿ, ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ನೀಲಿ ಬಾವುಟದ ಮನ್ನಣೆ ದೊರೆಯಿತು. ಅದಕ್ಕೆ 33 ನಿಯಮಗಳು. ನೀರನ್ನು ಪರೀಕ್ಷಿಸಿ ಫಲವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಶೌಚಗೃಹ, ಅಂಗವಿಕಲರಿಗೆ ದಾರಿ ಇರಬೇಕು. ಓದಿದರೆ ಪರದೇಶದ ಹೊಸ ಶಾಸ್ತ್ರವೆಂದು ಅನ್ನಿಸದು. ಒಂದು ಒಳ್ಳೆಯ ಜಾತ್ರೆಯ ಏರ್ಪಾಟಿನ ಪಟ್ಟಿಯಂತೆಯೇ ಇದೆ. ಹಣ ತೆತ್ತು ವಸತಿಗೃಹದಲ್ಲಿ ಇಳಿಯುವವನಿಗೆ ಅಲ್ಲಿಯ ಆಳಾದರೂ ಎಚ್ಚರಿಕೆ ಹೇಳಿಯಾನು. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು, ಅಂದೇ ಸಂಜೆಗೆ ಮರಳುವ ಬಯಲುಸೀಮೆಯ ಯಾತ್ರಿಕರು, ಶಾಲೆಯ ಮಕ್ಕಳು, ಯಾರ ಅತಿಥಿಗಳೂ ಅಲ್ಲ. ಉಪಾಧಿವಂತರ ಮನೆಯಲ್ಲಿ ಇಳಿಯುವ ರೂಢಿ ಕಡಿಮೆಯಾದ ಮೇಲೆ ಅವರು ನೇರವಾಗಿ ನೀರಿಗೇ ಹೋಗುತ್ತಾರೆ. ನೀಲಿ ಬಾವುಟವನ್ನು ಮೊದಲು ಎಲ್ಲಿ ನೆಡಬೇಕೆಂದು ಕುಲಗೋಡದ ಆಯಿಯನ್ನು ಕೇಳಿದ್ದರೆ, ಪ್ರಶಾಂತವಾದ ಕಾಸರಕೋಡಕ್ಕಿಂತ ಮೊದಲು ಶಿವರಾತ್ರಿಯ ಜನ ನೆರೆಯುವ ದಂಡೆಯನ್ನು ತೋರಿಸುತ್ತಿದ್ದಳು.

ಒಪ್ಪಿಗೆಪತ್ರವು ಎಂಟು ದಿನ ಗೂಡಿನಲ್ಲಿಯೇ ಇದ್ದಿತು. ಒಂಬತ್ತನೆಯ ದಿನ ತಂದೆಯು ಶಾಲೆಗೆ ಹೋಗಿ ಮಾಸ್ತರರನ್ನು ಕಂಡನು. ನೀರಿಗೆ ಇಳಿಸುವಿರೋ, ಇಳಿಸಿದರೆ ಎಲ್ಲಿ, ಯಾರ ಸಮ್ಮುಖದಲ್ಲಿ ಎಂದು ಕೇಳಿದನು. ಮಾಸ್ತರರು ಸಿಟ್ಟಾಗಲಿಲ್ಲ, ಇದೇ ಪ್ರಶ್ನೆ ಕೇಳಿದವರಲ್ಲಿ ಆತನು ಮೊದಲನೆಯವನಲ್ಲವೆಂದೂ, ಮುರುಡೇಶ್ವರದಲ್ಲಿ ದರ್ಶನ ಮಾತ್ರವೆಂದೂ, ಗೋಕರ್ಣದಲ್ಲಿ ಜೀವರಕ್ಷಕನಿದ್ದರೆ ಅವನು ತೋರಿಸಿದಲ್ಲಿ ಮೊಣಕಾಲಿನ ತನಕ, ಇಲ್ಲದಿದ್ದರೆ ಮರಳಿನ ಮೇಲಿನಿಂದಲೇ ನಮಸ್ಕಾರವೆಂದೂ ಹೇಳಿದರು. ರುಜುವಾಯಿತು. ತಾಯಿ ಮಾತ್ರ ಆ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಜನವರಿಯಲ್ಲಿ ಹುಡುಗ ಹೋಗಿ ಬಂದನು. ಒಂದು ಬಾಟಲಿ ಸಮುದ್ರದ ನೀರು, ಆರು ಚಿಪ್ಪುಗಳು, ತೊಯ್ದು ಉಪ್ಪುಗಟ್ಟಿದ ಚಡ್ಡಿ ತಂದನು. ಗೋಪುರದ ಎತ್ತರ, ಹಡಗು, ಐಸ್ಕ್ರೀಮು ಎಲ್ಲದರ ವರ್ಣನೆ ಮುಗಿದ ಮೇಲೆ ಆಯಿ ಬಾಟಲಿಯನ್ನು ದೇವರ ಮುಂದಿಟ್ಟು ಕೇಳಿದಳು:

“ನೀರಾಗ ಇಳಿದ್ಯಾ?”

“ಇಳಿದ್ನಿ ಆಯಿ. ಸೀಟಿ ಹಿಡಕೊಂಡು ಒಬ್ಬಾಂವ ನಿಂತಿದ್ದ. ಅಲ್ಲೇ ಮೀನಾ ಹಿಡಿಯವ್ರ ಮನಿ ಹುಡುಗ ಅಂತ. ಕೆಂಪು ಬಾವುಟದ ಆ ಕಡೆ ಯಾರನೂ ಬಿಡಲಿಲ್ಲ. ನನಗೆ ಈಜು ಬರ್ತೈತಿ ಅಂದೆ. ಬಾವ್ಯಾಗ ಕಲ್ತೀ ಏನು ಅಂತ ಕೇಳಿ ನಕ್ಕ. ಎಲ್ಲಾರ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದ.”

ಆಯಿ ಬತ್ತಿ ಹೊಸೆಯುವದನ್ನು ನಿಲ್ಲಿಸಿದಳು. “ಏನಂತ ಅವನ ಹೆಸರು?”

“ಕೇಳ್ಲಿಲ್ಲ, ಆಯಿ.”

“ಕೇಳಬೇಕಿತ್ತಲ್ಲೋ ತಮ್ಮಾ,” ಎಂದು ಆಕೆ ದೀಪಕ್ಕೆ ಎಣ್ಣೆ ಹಾಕಲು ಎದ್ದಳು.