ಬೆನ್ನಿನ ಗಂಟು

ನಾಕು ವರ್ಷದಿಂದ ನನ್ನ ಬೆನ್ನಾಗೆ ಒಂದು ಗಂಟಿತ್ತು ಕಣ್ರೇ. ರವಿಕೆ ಪಟ್ಟಿ ಒತ್ತೋ ಜಾಗದಲ್ಲಿ, ಹುಣಸೆಬೀಜದಷ್ಟು. ನಡುವೆ ಸೂಜಿಮೊನೆಯಂಥ ಕರೀ ಚುಕ್ಕಿ. ನೋವಿಲ್ಲ, ಏನಿಲ್ಲ. ನಮ್ಮ ಹೊಳಲ್ಕೆರೆ ಕಡೆ ಅಡಿಕೆ ಸುಲಿಯೋ ಕಾಲದಲ್ಲಿ ಬಗ್ಗಿ ಕೂತು ಬೆವತಾಗ ಮಾತ್ರ ಉಜ್ಜಿ ಉರಿಯೋದು.

ವರ್ಷಕ್ಕೆ ಎರಡು ಸಲ ಊದ್ಕೊಳ್ಳೋದು. ಆಗ ವಾರಗಿತ್ತೀನ ಕರೆದು, ಬಾಗಿಲು ಹಾಕ್ಕೊಂಡು, "ಒಂಚೂರು ಹಿಚುಕೇ" ಅನ್ನೋದು. ಗಿಣ್ಣಿನಂಥ ಬಿಳೀದು ಬರೋದು, ಕೆಟ್ಟ ವಾಸನೆ. ಖಾಲಿ ಆಯ್ತಪ್ಪ ಅನ್ನೋ ಸಮಾಧಾನ. ಮೂರು ತಿಂಗಳಿಗೆ ಮತ್ತೆ ಅದೇ ಜಾಗ, ಅದೇ ಗಂಟು. ಹಿರಿಯೂರಿನ ದೊಡ್ಡಮ್ಮ ಸುಟ್ಟ ಈರುಳ್ಳಿ ಕಟ್ಟು ಅಂದ್ರು. ಹೊಸದುರ್ಗದ ಅಕ್ಕ ಅರಿಶಿನ-ಸುಣ್ಣ ಹಚ್ಚು ಅಂದ್ಲು. ಸುಣ್ಣಕ್ಕೆ ಚರ್ಮ ಸುಟ್ಕೊಂಡಿದ್ದೇ ಬಂತು. ಡಾಕ್ಟ್ರಿಗೆ ತೋರಿಸೋಕೆ ನಾಚಿಕೆ. ರವಿಕೆ ಬಿಚ್ಚಿ ತೋರಿಸ್ಬೇಕಲ್ಲ! ನಿಮ್ಮಲ್ಲೂ ಎಷ್ಟು ಜನ ಹಿಂಗೇ ಮುಚ್ಚಿಟ್ಕೊಂಡು ಕೂತಿದೀರೋ.

ಹೋದ ಬೇಸಿಗೆಯಲ್ಲಿ ನಾದಿನಿ ಮಗಳ ಮದುವೆ. ಹೊಸ ರವಿಕೆ ಕೂರಲ್ಲ ಅಂತ ಪಿನ್ನಲ್ಲಿ ಚುಚ್ಚಿಸ್ಕೊಂಡೆ. ವಾರಗಿತ್ತಿ ಬೇಡ ಅಂದ್ಲು, ನಾನೇ ಬಲವಂತ ಮಾಡಿದ್ದು. ಎರಡು ದಿನಕ್ಕೆ ಸುತ್ತ ಕೆಂಪಾಗಿ ಕೆಂಡ ಇಟ್ಟಂಗಾಯ್ತು, ಚಳಿಜ್ವರ ಬಂತು. ಅತ್ತ ಅರಿಶಿನ ಶಾಸ್ತ್ರ ನಡೀತಿದ್ರೆ ಇತ್ತ ನಾನು ದುರ್ಗದ ಆಸ್ಪತ್ರೆಯಲ್ಲಿ ಮಕಾಡೆ ಮಲಗಿದ್ದೆ. ನಂಗೆ ಸಕ್ಕರೆ ಕಾಯಿಲೆ ಐತೆ ಅಂತ ಗೊತ್ತಾಗಿದ್ದೂ ಅವತ್ತಿನ ರಕ್ತಪರೀಕ್ಷೇಲೇ.

ಕೀವು ತೆಗೆದ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ರು. ಚರ್ಮದ ಒಳಗೆ ಒಂದು ಸಣ್ಣ ಚೀಲ ಇರುತ್ತಂತೆ. ಹೊರಗೆ ಉದುರಿ ಹೋಗಬೇಕಾದ ಚರ್ಮದ ಹೊಟ್ಟು ಅದರೊಳಗೇ ತುಂಬ್ಕೊಳ್ಳುತ್ತೆ. ನಾವು ಕೊಬ್ಬಿನ ಗಂಟು ಅಂತೀವಿ, ಕೊಬ್ಬಲ್ಲ ಅದು. "ಹಿಚುಕಿದ್ರೆ ಹೊಟ್ಟು ಬರುತ್ತೆ, ಚೀಲ ಅಲ್ಲೇ ಇರುತ್ತಮ್ಮ. ಒಳಗೇ ಒಡೆದ್ರೆ ಇನ್ನೂ ಊದುತ್ತೆ" ಅಂದ್ರು. ಊದಿರೋವಾಗ ಚೀಲ ಪೂರ್ತಿ ಬಿಡಿಸೋದು ಕಷ್ಟ, ಆರಿದ ಮೇಲೆ ಬಾ ಅಂದ್ರು.

ಗಾಯ ಮಾಯೋ ತನಕ ದಿನಾ ಡ್ರೆಸ್ಸಿಂಗು, ಕೊಟ್ಟ ಮಾತ್ರೆ. ಮಾದ ಮೇಲೂ ಗಂಟು ಒಂದ್ಸಲ ತಲೆ ಎತ್ತಿತು. ಆಗ ಅವರು ಹೇಳಿದ್ದಂಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಇಟ್ಕೊಂಡೆ, 10-15 ನಿಮಿಷ, ದಿನಕ್ಕೆ ಮೂರ್ನಾಕು ಸಲ. ಸಕ್ಕರೆ ಇರೋರಿಗೆ ಬಿಸಿ ಸರಿಯಾಗಿ ಗೊತ್ತಾಗದೇ ಇರಬಹುದು ಅಂತ ವಾರಗಿತ್ತಿ ಮೊದಲು ತನ್ನ ಮೊಣಕೈಗೆ ಇಟ್ಟು ನೋಡೋಳು. ಸಡಿಲ ಹತ್ತಿ ರವಿಕೆ, ನಂದೇ ಬೇರೆ ಟವೆಲ್ಲು. ಸುಣ್ಣ ಇಲ್ಲ, ಈರುಳ್ಳಿ ಇಲ್ಲ. ಕೈ ಸುಮ್ನಿರಲ್ಲ ನೋಡಿ, ಅದೇ ದೊಡ್ಡ ಕಷ್ಟ. ಆದ್ರೆ ಮುಟ್ಟದೇ ಬಿಟ್ಟಿದ್ದಕ್ಕೆ ವಾರದಲ್ಲಿ ಇಳೀತು.

ಆಮೇಲೆ ಹೋಗಿ ಮರಗಟ್ಟೋ ಇಂಜೆಕ್ಷನ್ ಹಾಕಿಸ್ಕೊಂಡು ಚೀಲ ಸಮೇತ ತೆಗೆಸಿದೆ. ಮೂರು ಹೊಲಿಗೆ. ತೆಗೆದಿದ್ದನ್ನ ಪರೀಕ್ಷೆಗೆ ಕಳಿಸಿದ್ರು, ಕೆಟ್ಟದ್ದೇನಿಲ್ಲ ಅಂತ ಬಂತು.

ಮೊನ್ನೆ ಎಣ್ಣೆ ಹಚ್ಚೋವಾಗ ನೋಡ್ತೀನಿ, ವಾರಗಿತ್ತಿ ಕಿವಿ ಹಿಂದೆ ಅಂಥದ್ದೇ ಒಂದು. "ಯಾವಾಗಿಂದನೇ?" ಅಂದೆ. "ಒಂದು ವರ್ಷ ಆಯ್ತಕ್ಕ" ಅಂದ್ಲು. ಸೋಮವಾರ ದುರ್ಗಕ್ಕೆ ಹೊರಟಿದೀವಿ, ಇಬ್ರೂ.