ನಾಲ್ಕು ಭಾನುವಾರ, ಐದು ಮನೆಮಾತು

ಬಿ.ಇಡಿ. ಇಂಟರ್ನ್‌ಶಿಪ್ ದಿನಚರಿಯಲ್ಲಿ ಪಾಠಯೋಜನೆ, ಪಾಠ ವೀಕ್ಷಣೆಗಳ ಜೊತೆಗೆ ಸಮುದಾಯದ ಒಡನಾಟವನ್ನೂ ದಾಖಲಿಸಬೇಕು. ಸಾಮಾನ್ಯವಾಗಿ ನಾವು ಸ್ವಚ್ಛತಾ ಕಾರ್ಯಕ್ರಮ, ಆರೋಗ್ಯ ಶಿಬಿರ, ಶಾಲೆ ಬಿಟ್ಟ ಮಕ್ಕಳ ಮನೆಭೇಟಿಗಳ ಬಗ್ಗೆ ಬರೆಯುತ್ತೇವೆ. 2024ರ ಡಿಸೆಂಬರಿನಲ್ಲಿ ನಾನು ಆ ಪುಟಗಳಲ್ಲಿ ಬರೆದದ್ದು ಕ್ರಿಸ್ಮಸ್ ಸಿದ್ಧತೆಯ ವಿಚಾರ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಕೆಲವು ಸಭೆಗಳ ಮಕ್ಕಳು ಸೇರಿ ಒಂದು ಸಂಜೆಯ ಕಾರ್ಯಕ್ರಮ ಕೊಡಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಮಕ್ಕಳನ್ನು ಸಿದ್ಧಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ‘ಹೇಗೂ ಟೀಚರ್ ಆಗ್ತಾ ಇದ್ದೀಯಲ್ಲ’ ಎಂಬುದೊಂದೇ ಅರ್ಹತೆ.

ನಮ್ಮ ಭಾಗದ ಕ್ರೈಸ್ತ ಸಮುದಾಯ ಒಂದೇ ಬಗೆಯದಲ್ಲ. ನರಸಿಂಹರಾಜಪುರ ಕಡೆ ಕೇರಳದಿಂದ ಬಂದು ರಬ್ಬರ್, ಅಡಿಕೆ, ಕಾಳುಮೆಣಸು ಬೆಳೆದ ಸುರಿಯಾನಿ ಕ್ರೈಸ್ತ ಕುಟುಂಬಗಳಿವೆ. ನಮ್ಮದೂ ಅವುಗಳಲ್ಲೊಂದು. ಕೊಪ್ಪದ ಕಡೆ ಕರಾವಳಿ ಮೂಲದ ಕೊಂಕಣಿ ಮಾತಿನ ಕೆಥೋಲಿಕರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಮಿಳು ಮಾತನಾಡುವವರಿದ್ದಾರೆ. ಶೃಂಗೇರಿ ಕಡೆಯಿಂದ ಬಂದ ಮಕ್ಕಳಲ್ಲಿ ಇಬ್ಬರ ಮನೆಮಾತು ತುಳು. ಕನ್ನಡವೇ ಮನೆಮಾತಾದ ಮಕ್ಕಳೂ ಇದ್ದರು. ಹದಿನಾಲ್ಕು ಮಕ್ಕಳು, ಮೂರನೇ ತರಗತಿಯಿಂದ ಒಂಬತ್ತನೆಯದರವರೆಗೆ, ಐದು ಮನೆಮಾತು. ಎಲ್ಲರಿಗೂ ಓದಲು ಬರುತ್ತಿದ್ದ ಲಿಪಿ ಕನ್ನಡ ಮಾತ್ರ. ನಲಿ-ಕಲಿ ತರಗತಿಯಲ್ಲಿ ಬೇರೆ ಬೇರೆ ಹಂತದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದನ್ನು ನೋಡಿದ್ದೆ. ಇಲ್ಲಿ ಹಂತದ ಜೊತೆಗೆ ಭಾಷೆಯೂ ಬೇರೆ.

ಎಣಿಸುತ್ತ ಕಾಯುವುದು

ಕ್ರಿಸ್ಮಸ್‌ಗೆ ಮೊದಲಿನ ದಿನಗಳನ್ನು ಎಲ್ಲರೂ ಒಂದೇ ರೀತಿ ಎಣಿಸುವುದಿಲ್ಲ. ಲ್ಯಾಟಿನ್ ಕ್ರಮದ ಕೆಥೋಲಿಕರಿಗೆ ಕ್ರಿಸ್ಮಸ್‌ಗೆ ಹಿಂದಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಹಸಿರೆಲೆಯ ಮಾಲೆಯಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿ ವಾರಕ್ಕೊಂದರಂತೆ ಹಚ್ಚುತ್ತಾರೆ. ಮೂರು ನೇರಳೆ ಬಣ್ಣದವು. ಮೂರನೇ ಭಾನುವಾರದ್ದು ಮಾತ್ರ ಗುಲಾಬಿ. ನಮ್ಮ ಸುರಿಯಾನಿ ಕ್ರಮದಲ್ಲಿ ಡಿಸೆಂಬರ್ 1ರಿಂದ ಇಪ್ಪತ್ತೈದು ದಿನದ ನೋಂಬು. ಮಾಂಸ, ಮೀನು ಬಿಡುತ್ತಾರೆ. ಕ್ರಿಸ್ಮಸ್ ರಾತ್ರಿ ಚರ್ಚಿನ ಅಂಗಳದಲ್ಲಿ ಶಿಲುಬೆಯಾಕಾರದ ಗುಂಡಿ ತೋಡಿ ಬೆಂಕಿ ಹಾಕುತ್ತಾರೆ. ಗರಿಗಳ ಭಾನುವಾರ ಮನೆಗೆ ಒಯ್ದು ಇಟ್ಟುಕೊಂಡಿದ್ದ, ಈಗ ಒಣಗಿರುವ ತೆಂಗಿನ ಗರಿಯನ್ನು ತಂದು ಆ ಬೆಂಕಿಗೆ ಹಾಕುತ್ತಾರೆ. 2024ರಲ್ಲಿ ಡಿಸೆಂಬರ್ 1 ಭಾನುವಾರವೇ ಆದ್ದರಿಂದ ಎರಡೂ ಎಣಿಕೆಗಳು ಒಂದೇ ದಿನ ಶುರುವಾದವು. ನಮ್ಮ ಅಭ್ಯಾಸವೂ ಅಂದೇ ಆರಂಭವಾಯಿತು.

ಮೊದಲ ದಿನವೇ ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ: ‘ಅಕ್ಕಾ, ನಿಮ್ಮ ನೋಂಬು ಯಾವಾಗಲೂ ಡಿಸೆಂಬರ್ ಒಂದಕ್ಕೇ. ನಮ್ಮ ಆಗಮನ ಕಾಲ ಯಾಕೆ ವರ್ಷ ವರ್ಷ ಬದಲಾಗುತ್ತೆ?’ ಗಣಿತದ ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಉತ್ತರ ಹೇಳದೆ ಕ್ಯಾಲೆಂಡರ್ ಕೊಟ್ಟೆ. 2022ರಲ್ಲಿ ಕ್ರಿಸ್ಮಸ್ ಭಾನುವಾರ ಬಂದಿತ್ತು. ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿದರೆ ನವೆಂಬರ್ 27. ಅಲ್ಲಿಂದ ಡಿಸೆಂಬರ್ 24ರವರೆಗೆ 28 ದಿನ. 2023ರಲ್ಲಿ ಕ್ರಿಸ್ಮಸ್ ಸೋಮವಾರ. ಡಿಸೆಂಬರ್ 24 ತಾನೇ ನಾಲ್ಕನೇ ಭಾನುವಾರ. ಹಾಗಾಗಿ ಆಗಮನ ಕಾಲ ಡಿಸೆಂಬರ್ 3ಕ್ಕೆ ಶುರು, 22 ದಿನ ಮಾತ್ರ. ಏಳು ಸಾಲಿನ ಕೋಷ್ಟಕ ಬರೆದಾಗ ಮಕ್ಕಳೇ ನಿಯಮ ಕಂಡುಹಿಡಿದರು: ಸೋಮವಾರವನ್ನು 1, ಭಾನುವಾರವನ್ನು 7 ಎಂದು ಎಣಿಸಿ, ಕ್ರಿಸ್ಮಸ್ ಬೀಳುವ ವಾರದ ಸಂಖ್ಯೆಗೆ 21 ಕೂಡಿಸಿದರೆ ಆಗಮನ ಕಾಲದ ದಿನಗಳು ಸಿಗುತ್ತವೆ. 2024ರಲ್ಲಿ ಬುಧವಾರ, ಆದ್ದರಿಂದ 24. ಮುಂದಿನ ವರ್ಷ ಗುರುವಾರ, 25 ದಿನ, ಶುರುವಾಗುವುದು ನವೆಂಬರ್ 30ಕ್ಕೆ ಎಂದು ಆ ಹುಡುಗ ಆಗಲೇ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ.

ಆಗಮನ ಮಾಲೆ ಹುಟ್ಟಿದ್ದೂ ಮಕ್ಕಳ ಎಣಿಕೆಗಾಗಿಯೇ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳಿಗಾಗಿ ವಸತಿಗೃಹ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ 1839ರಲ್ಲಿ ಒಂದು ಗಾಡಿಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದಬತ್ತಿ, ಉಳಿದ ದಿನಗಳಿಗೆ ಚಿಕ್ಕ ಮೇಣದಬತ್ತಿಗಳನ್ನು ನಿಲ್ಲಿಸಿದರು. ‘ಕ್ರಿಸ್ಮಸ್ ಇನ್ನೂ ಎಷ್ಟು ದಿನ’ ಎಂಬ ಮಕ್ಕಳ ಪ್ರಶ್ನೆಗೆ ಅದು ಉತ್ತರ. ನಾವು ಇಂದು ಕಲಿಕೋಪಕರಣ ಎನ್ನುವುದು ಇದನ್ನೇ ಅಲ್ಲವೆ?

ಕಾಯುವುದರ ಬಗ್ಗೆ ನಮ್ಮ ವಿಜ್ಞಾನ ಬೋಧನಾ ಪಠ್ಯದಲ್ಲೂ ಒಂದು ಮಾತಿದೆ. ಅಮೆರಿಕದ ಮೇರಿ ಬಡ್ ರೋ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಮೂರು ಸೆಕೆಂಡ್ ಅಥವಾ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಇಂಟರ್ನ್‌ಶಿಪ್ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುವಾಗ ಮನಸ್ಸಿನಲ್ಲೇ ಮೂರರವರೆಗೆ ಎಣಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಚರ್ಚಿನ ಸಭಾಂಗಣದಲ್ಲಿ ಮೂರು ಸೆಕೆಂಡ್ ಸಾಲಲಿಲ್ಲ. ಒಬ್ಬ ಹುಡುಗಿಗಾಗಿ ಎರಡು ವಾರ ಕಾಯಬೇಕಾಯಿತು.

ಯಾವ ಭಾಷೆಯಲ್ಲಿ?

ಅದನ್ನು ಹೇಳುವ ಮೊದಲು ನಮ್ಮೊಳಗಿನ ಚರ್ಚೆಯನ್ನು ಹೇಳಬೇಕು. ಕಾರ್ಯಕ್ರಮ ಪೂರ್ತಿ ಕನ್ನಡದಲ್ಲೇ ಇರಲಿ ಎಂದು ಕೆಲವು ಹಿರಿಯರು ಹೇಳಿದರು. ಅವರ ಮಾತಿನಲ್ಲಿ ತೂಕವಿತ್ತು. ಮೂರು ತಾಲ್ಲೂಕಿನ ಜನ ಒಂದೆಡೆ ಸೇರಿದಾಗ ಎಲ್ಲರಿಗೂ ತಿಳಿಯುವ ಭಾಷೆ ಅದೊಂದೇ. ಕೊಪ್ಪ ಕಡೆಯ ಒಬ್ಬ ಹಿರಿಯರು ತಮ್ಮ ಬಾಲ್ಯದ ಬಲಿಪೂಜೆಯನ್ನು ನೆನೆದರು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಜನರ ಭಾಷೆಗೆ ಬಾಗಿಲು ತೆರೆಯುವವರೆಗೆ ಪೂಜೆ ಲ್ಯಾಟಿನ್‌ನಲ್ಲೇ ಇತ್ತು. ‘ಅರ್ಥವಾಗದೆ ಕೂರುವುದು ಎಂಥದ್ದು ಅಂತ ನನಗೆ ಗೊತ್ತಮ್ಮ. ಮಕ್ಕಳಿಗೆ ಅದು ಬೇಡ’ ಎಂದರು.

ಮನೆಗೆ ಬಂದು ಅಮ್ಮಚ್ಚಿಗೆ, ಅಂದರೆ ನನ್ನ ಅಜ್ಜಿಗೆ, ಈ ವಿಷಯ ಹೇಳಿದೆ. ಅಡಿಕೆ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. ‘ಒಳ್ಳೇದೇ ಮೋಳೇ. ಎಲ್ಲಾ ಕನ್ನಡದಲ್ಲೇ ಆದರೆ ನಾನು ಎಲ್ಲಿ ಆಮೆನ್ ಹೇಳಬೇಕು ಅಂತ ಮಾತ್ರ ನೀನು ಪಕ್ಕದಲ್ಲಿ ಕೂತು ಹೇಳು’ ಎಂದರು, ಮಲಯಾಳದಲ್ಲಿ. ಈ ನಾಡಿಗೆ ಬಂದು ಐವತ್ತು ವರ್ಷ ದಾಟಿದರೂ ಅವರ ಕನ್ನಡ ಸಂತೆಯ ವ್ಯವಹಾರಕ್ಕಷ್ಟೇ. ಪ್ರಾರ್ಥನೆ ಮಾತ್ರ ಹುಟ್ಟಿದ ಭಾಷೆಯಲ್ಲೇ.

ಕೊಪ್ಪದ ಹಿರಿಯರು ಹೇಳಿದ್ದು, ಅಮ್ಮಚ್ಚಿ ಹೇಳಿದ್ದು ಒಂದೇ ಎಂದು ನನಗನ್ನಿಸಿತು: ಅರ್ಥವಾಗದೆ ಕೂರುವ ಕಷ್ಟ. ಒಂದು ಭಾಷೆಯನ್ನು ಆರಿಸಿದರೆ ಆ ಕಷ್ಟ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಅಷ್ಟೆ. ಕೊನೆಗೆ ಒಂದು ವ್ಯವಸ್ಥೆಗೆ ಎಲ್ಲರೂ ಒಪ್ಪಿದರು. ಸ್ವಾಗತ, ವಾಚನ, ನಿರೂಪಣೆ ಎಲ್ಲವೂ ಕನ್ನಡದಲ್ಲಿ. ಹಾಡುಗಳು ಐದೂ ಮನೆಮಾತಿನಲ್ಲಿ; ಪ್ರತಿ ಹಾಡಿಗೂ ಮೊದಲು ಒಂದು ಮಗು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಒಂದು ಷರತ್ತು ನಾನು ಸೇರಿಸಿದೆ: ಪ್ರತಿ ಮಗುವೂ ತನ್ನ ಮನೆಮಾತಲ್ಲದ ಒಂದು ಹಾಡನ್ನಾದರೂ ಕಲಿಯಬೇಕು, ಅದೂ ಆ ಭಾಷೆಯ ಒಬ್ಬ ಹಿರಿಯರಿಂದ. ಡಿಸೆಂಬರ್ ಎಂದರೆ ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೆಲಸ. ಹಗಲು ಯಾರಿಗೂ ಬಿಡುವಿಲ್ಲ. ಅಭ್ಯಾಸ ಕತ್ತಲಾದ ಮೇಲೆ. ಶೃಂಗೇರಿಯ ಮಕ್ಕಳಿಗೆ ವಾಟ್ಸಾಪ್ ಧ್ವನಿ ಸಂದೇಶಗಳಲ್ಲಿ.

ಕನ್ನಡ ಬಿಟ್ಟ ಅಕ್ಷರ

ಮಲಯಾಳದ ಹಾಡನ್ನು ಮಕ್ಕಳು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಕೊಂಕಣಿಯವರಿಗೆ ಇದು ಹೊಸತಲ್ಲ; ಕರ್ನಾಟಕದ ಕರಾವಳಿಯ ಕೊಂಕಣಿ ಕ್ರೈಸ್ತರು ತಮ್ಮ ಭಾಷೆಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ತೊಡಕಾದದ್ದು ‘ಸ್ತುತಿಸು’ ಎಂಬರ್ಥದ ಮಲಯಾಳ ಪದದಲ್ಲಿ. ಮಕ್ಕಳು ‘ವಾಳ್ತ್ತುಕ’ ಎಂದು ಬರೆದು ಹಾಗೆಯೇ ಓದಿದರು. ಅಮ್ಮಚ್ಚಿ ತಲೆ ಅಲ್ಲಾಡಿಸಿದರು. ಮತ್ತೆ ಹೇಳಿಕೊಟ್ಟರು. ಮತ್ತೆ ‘ಳ’. ಐದಾರು ಸಲ ಹೀಗೇ ಆಯಿತು.

ಆಗ ಹಿಂದಿನ ಬೆಂಚಿನಿಂದ ಆ ಉಚ್ಚಾರ ಸರಿಯಾಗಿ ಕೇಳಿಸಿತು. ಹೇಳಿದ್ದು ಆರನೇ ತರಗತಿಯ ಹುಡುಗಿ, ತೋಟದ ಲೈನ್ ಮನೆಯವಳು. ಎರಡು ವಾರದಿಂದ ಬಂದು ಕೂತು ಹೋಗುತ್ತಿದ್ದಳು. ಹೆಸರು ಕೇಳಿದರೂ ತಲೆ ತಗ್ಗಿಸುತ್ತಿದ್ದಳು. ಅವಳ ಮನೆಮಾತು ತಮಿಳು. ಆ ಧ್ವನಿ ತಮಿಳಿನಲ್ಲೂ ಇದೆ. ಆ ಪದವೂ ಇದೆ. ಅಮ್ಮಚ್ಚಿ ಅವಳನ್ನು ಮುಂದಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮುಂದಿನ ಅರ್ಧ ಗಂಟೆ ಹದಿಮೂರು ಮಕ್ಕಳಿಗೆ ಅವಳೇ ಟೀಚರ್. ‘ಳ’ ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಇದರಲ್ಲಿ ಮಡಚಿದರೂ ತಾಗಬಾರದು. ಅವಳಿಗೆ ಇದನ್ನು ವಿವರಿಸಲು ಬರುತ್ತಿರಲಿಲ್ಲ. ಬಾಯಿ ತೆರೆದು ತೋರಿಸಿದಳು.

ಮರುದಿನ ನಾನು ಕಪ್ಪುಹಲಗೆಯ ಮೇಲೆ ಒಂದು ಅಕ್ಷರ ಬರೆದೆ: ೞ. ಇದು ಕನ್ನಡದ್ದೇ. ಹಳಗನ್ನಡದಲ್ಲಿ ಈ ಅಕ್ಷರವಿತ್ತು. ಆಮೇಲೆ ಇದರ ಉಚ್ಚಾರ ‘ಳ’ದಲ್ಲಿ ಕರಗಿಹೋಯಿತು. ನಮ್ಮ ಮಳೆ ಹಿಂದೆ ಮೞೆ, ಕೋಳಿ ಕೋೞಿ, ಏಳು ಏೞು. ಮಕ್ಕಳು ಪಟ್ಟಿ ಮಾಡತೊಡಗಿದರು. ನಮ್ಮ ಬಾಳೆ ತಮಿಳಿನಲ್ಲಿ ವಾೞೈ, ಮಲಯಾಳದಲ್ಲಿ ವಾೞ. ನಮ್ಮ ಹೊಳೆ ಮಲಯಾಳದಲ್ಲಿ ಪುೞ. ಅಲ್ಲಿ ‘ವ’ ಇದ್ದೆಡೆ ಇಲ್ಲಿ ‘ಬ’ ಬರುವುದನ್ನು ಗಮನಿಸಿದ್ದು ಶೃಂಗೇರಿಯ ಏಳನೇ ತರಗತಿಯ ಹುಡುಗ. ಹಾಗಾದರೆ ಹಾಡಿನಲ್ಲಿ ತೊಡಕಾದ ‘ವಾೞ್‌ತ್ತು’ ಪದದಲ್ಲಿರುವುದು ನಮ್ಮ ‘ಬಾಳು’. ಬಾಳಲಿ ಎಂದು ಹರಸುವುದೇ ಹೊಗಳುವುದಾಗಿದೆ. ಅದನ್ನು ಕೇಳಿದ ಮೇಲೆ ಆ ಹಾಡು ಯಾರಿಗೂ ಪರಭಾಷೆಯ ಹಾಡಾಗಿ ಉಳಿಯಲಿಲ್ಲ.

ಮಕ್ಕಳ ಬಹುಭಾಷಿಕತೆ ತರಗತಿಗೆ ಸಂಪನ್ಮೂಲ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ಈ ವಾಕ್ಯವನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಆ ಹುಡುಗಿಯ ಮನೆಮಾತು ಶಾಲೆಯಲ್ಲಿ ಅವಳಿಗೆ ಮುಜುಗರದ ವಿಷಯವಾಗಿತ್ತು. ಇಲ್ಲಿ ಅದಿಲ್ಲದಿದ್ದರೆ ಹಾಡು ಮುಂದೆ ಸಾಗುತ್ತಿರಲಿಲ್ಲ. ಸಂಪನ್ಮೂಲ ಎಂದರೆ ಇದು. ಮಗುವನ್ನು ಮೆಚ್ಚಿಸಲು ಕೊಡುವ ಅವಕಾಶವಲ್ಲ, ತರಗತಿಗೆ ನಿಜಕ್ಕೂ ಬೇಕಾಗುವ ಜ್ಞಾನ.

ಬಿದಿರು, ಭತ್ತ, ಬೆಳಕು

ಮಾತಿನ ಕೆಲಸದ ಜೊತೆಗೆ ಕೈಕೆಲಸವೂ ನಡೆಯಿತು. ಗೋದಲಿಗೆ ಹಸಿರು ಹೊಲ ಬೇಕೆಂದು ತಟ್ಟೆಗಳಲ್ಲಿ ಭತ್ತ ಬಿತ್ತಿದೆವು. ಒಂದು ತಟ್ಟೆಯನ್ನು ಕತ್ತಲಲ್ಲಿಟ್ಟು, ಪೈರು ಹಳದಿಯಾಗಿ ಉದ್ದಕ್ಕೆ ಬೆಳೆದದ್ದನ್ನು ಚಿಕ್ಕವರು ದಿನವೂ ಅಳೆದರು. ನಕ್ಷತ್ರದ ಗೂಡುದೀಪಕ್ಕೆ ಒಂದೇ ಅಳತೆಯ ಹತ್ತು ಬಿದಿರ ಸೀಳುಗಳು ಬೇಕು. ಐದೈದರಲ್ಲಿ ಒಂದೊಂದು ನಕ್ಷತ್ರ ಕಟ್ಟಿ, ಎರಡನ್ನೂ ತುದಿಗಳಲ್ಲಿ ಬಿಗಿದು, ನಡುವೆ ಐದು ಗಿಡ್ಡ ಕಡ್ಡಿಗಳನ್ನು ಕೊಟ್ಟರೆ ಹೊಟ್ಟೆ ಉಬ್ಬಿ ದೀಪಕ್ಕೆ ಜಾಗವಾಗುತ್ತದೆ. ಆ ಚೌಕಟ್ಟನ್ನು ಬಣ್ಣದ ಕಾಗದವಿಲ್ಲದೆ ಇಂಟರ್ನ್‌ಶಿಪ್ ಶಾಲೆಗೂ ಒಯ್ದೆ. ದೀಪಾವಳಿಗೆ ಗೂಡುದೀಪ ಕಟ್ಟಿದ್ದ ಮಕ್ಕಳಿಗೆ ಅದು ಪರಿಚಿತ. ಐದು ತುದಿಗಳ ಕೋನಗಳನ್ನು ಅಳೆದು ಕೂಡಿಸಿದರು. ಕೆಲವರಿಗೆ 178 ಡಿಗ್ರಿ, ಕೆಲವರಿಗೆ 183. ನಕ್ಷತ್ರ ಸೊಟ್ಟಗಿದ್ದರೂ ಮೊತ್ತ 180ರ ಆಸುಪಾಸಿನಲ್ಲೇ ಏಕಿರುತ್ತದೆ ಎಂಬ ಪ್ರಶ್ನೆಯಿಂದ ತ್ರಿಭುಜದ ಬಹಿರ್ಕೋನದ ಪಾಠ ಶುರುವಾಯಿತು.

ಡಿಸೆಂಬರ್ 22, ಮತ್ತು ಆನಂತರ

ನಾಲ್ಕನೇ ಭಾನುವಾರ ಸಂಜೆ ಕೊಪ್ಪದಲ್ಲಿ ಎಲ್ಲರೂ ಸೇರಿದೆವು. ಕೊಂಕಣಿ ಮನೆಗಳಿಂದ ಕುಸ್ವಾರ್ ತಟ್ಟೆಗಳು ಬಂದಿದ್ದವು. ನೋಂಬಿನಲ್ಲಿದ್ದ ನಮ್ಮವರಿಗೆಂದು ಮೊಟ್ಟೆಯಿಲ್ಲದವನ್ನು ಬೇರೆಯೇ ಇಟ್ಟಿದ್ದರು. ತುಳು ಹಾಡನ್ನು ಕೊಂಕಣಿ ಮಕ್ಕಳು, ಕೊಂಕಣಿ ಹಾಡನ್ನು ತಮಿಳು ಹುಡುಗಿ, ಮಲಯಾಳದ ಹಾಡನ್ನು ಹದಿನಾಲ್ಕು ಮಂದಿಯೂ ಹಾಡಿದರು. ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮಚ್ಚಿ ಆಮೆನ್ ಹೇಳಿದರು. ಜೀಪಿನಲ್ಲಿ ಹಿಂತಿರುಗುವಾಗ, ಹಾಡನ್ನು ಓಡಿಸಿಬಿಟ್ಟಿರಿ, ಅದು ಇಷ್ಟು ಬೇಗ ಹಾಡುವುದಲ್ಲ ಎಂದೂ ಹೇಳಿದರು.

ಎಲ್ಲರಿಗೂ ಸಮಾಧಾನವಾಗಿಲ್ಲ. ಕಾರ್ಯಕ್ರಮ ಉದ್ದವಾಯಿತು, ಅರ್ಥ ಹೇಳುವುದಕ್ಕೇ ಅರ್ಧ ಸಮಯ ಹೋಯಿತು, ಮುಂದಿನ ವರ್ಷ ಕನ್ನಡವೊಂದೇ ಸಾಕು ಎಂಬ ಮಾತು ಮತ್ತೆ ಬಂದಿದೆ. ಸಮಯದ ದೂರು ನ್ಯಾಯವಾದದ್ದೇ. ಜನವರಿಯ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಹಾಡುಗಳನ್ನು ಮೂರಕ್ಕೆ ಇಳಿಸೋಣ, ವರ್ಷಕ್ಕೊಮ್ಮೆ ಭಾಷೆಗಳ ಸರದಿ ಬದಲಿಸೋಣ, ಆದರೆ ಹಿರಿಯರ ಬಳಿ ಕೂತು ಕಲಿಯುವ ಆ ನಾಲ್ಕು ವಾರಗಳನ್ನು ಮಾತ್ರ ತೆಗೆಯುವುದು ಬೇಡ ಎಂದು ನಾನು ಕೇಳಿಕೊಳ್ಳಲಿದ್ದೇನೆ. ಆ ತಮಿಳು ಹುಡುಗಿ ಈಗ ಹೆಸರು ಕೇಳಿದರೆ ಹೇಳುತ್ತಾಳೆ. ಸಭೆಗೆ ಅವಳ ಅಮ್ಮನನ್ನೂ ಕರೆದಿದ್ದೇನೆ. ತೋಟದ ಕೆಲಸ ಮುಗಿಸಿ ಬರುತ್ತೇನೆ ಎಂದಿದ್ದಾರೆ.